ಕಾರ್ಡಿನೊಳಗೆ ಕೂತ ಚಿಲ್ಲರೆ ಯಾರ ಪಾಲು?

ನೆಲಮಂಗಲ, ಹೊಸಕೋಟೆ ಕಡೆಯಿಂದ ದಿನಾ ಬೆಂಗಳೂರಿಗೆ ಹೋಗಿ ಬರುವವರಿಗೆ ಟಿಕೆಟ್ಟಿನ ಬೆನ್ನಿನ ಬೆಲೆ ಗೊತ್ತು. ಮುಂದುಗಡೆ ಮಿಷನ್ನು ಮುದ್ರಿಸಿದ ದರ, ಹಿಂದುಗಡೆ ಕಂಡಕ್ಟರ್ ಮಹಾಶಯರು ಗೀಚಿದ ಬಾಕಿ. ‘ಚಿಲ್ಲರೆ ಇಲ್ಲ ಸ್ವಾಮಿ, ಇಳಿಯೋವಾಗ ಇಸ್ಕೊಳ್ಳಿ’ ಎಂಬ ಮಾತನ್ನು ಕೇಳದ ಕಿವಿ ಈ ಜಿಲ್ಲೆಯ ನಾಲ್ಕು ತಾಲ್ಲೂಕಿನಲ್ಲೂ ಇರಲಾರದು. ನಿದ್ದೆ ಹತ್ತಿದವರು, ಮಕ್ಕಳನ್ನೂ ಚೀಲಗಳನ್ನೂ ಸಂಭಾಳಿಸಿಕೊಂಡು ಗಡಿಬಿಡಿಯಲ್ಲಿ ಇಳಿದವರು ಎಷ್ಟು ಐದು, ಎಷ್ಟು ಹತ್ತು ಬಿಟ್ಟುಬಂದಿದ್ದಾರೋ ಲೆಕ್ಕವಿಟ್ಟವರಿಲ್ಲ. ಆದರೂ ಆ ಪದ್ಧತಿಯಲ್ಲಿ ಒಂದು ಮರ್ಯಾದೆ ಇದೆ. ಬಾಕಿ ಇಷ್ಟು ಎಂದು ಬರೆದ ಚೀಟಿ ಪ್ರಯಾಣಿಕನ ಜೇಬಿನಲ್ಲಿರುತ್ತದೆ. ಕೊಡಬೇಕಾದ ಮನುಷ್ಯ ಅದೇ ಬಸ್ಸಿನಲ್ಲಿ ನಾಲ್ಕು ಸೀಟು ಮುಂದೆ ನಿಂತಿರುತ್ತಾನೆ. ಜಗಳ ಆಡುವುದಕ್ಕಾದರೂ ಎದುರಿಗೆ ಒಬ್ಬ ಇರುತ್ತಾನೆ.

ಆ ಜಗಳ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಮೊಕದ್ದಮೆಯೇ ಸಾಕ್ಷಿ. 2019ರಲ್ಲಿ ವಕೀಲರೊಬ್ಬರು ಶಾಂತಿನಗರದಿಂದ ಮೆಜೆಸ್ಟಿಕ್ಕಿಗೆ ಬಿ.ಎಂ.ಟಿ.ಸಿ. ಬಸ್ಸು ಹತ್ತಿ, 29 ರೂಪಾಯಿ ಟಿಕೆಟ್ಟಿಗೆ 30 ರೂಪಾಯಿ ಕೊಟ್ಟರು. ಉಳಿದ ಒಂದು ರೂಪಾಯಿ ವಾಪಸು ಬರಲಿಲ್ಲ. ಹೋಗಲಿ ಬಿಡಿ ಎನ್ನುವ ಜಾತಿಯವರಲ್ಲ ಅವರು, ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರು. 2023ರಲ್ಲಿ ಆದೇಶ ಹೊರಬಿತ್ತು: 2,000 ರೂಪಾಯಿ ಪರಿಹಾರ, ಮೇಲೆ 1,000 ರೂಪಾಯಿ ಕೋರ್ಟು ಖರ್ಚು. ಒಂದು ರೂಪಾಯಿಗೆ ಮೂರು ಸಾವಿರ! ಬಸ್ ಸ್ಟ್ಯಾಂಡಿನಲ್ಲಿ ಓದಿ ನಕ್ಕವರುಂಟು. ಆದರೆ ಆಯೋಗ ನಗಲಿಲ್ಲ. ಮೊತ್ತ ಚಿಕ್ಕದಿರಬಹುದು, ಹಕ್ಕು ಚಿಕ್ಕದಲ್ಲ ಎಂದು ನೋಡಿತು.

ಈಗ ಕಂಡಕ್ಟರ ಪೆನ್ನಿನ ಜಾಗಕ್ಕೆ ಕಾರ್ಡು ಬಂದಿದೆ. ಚಿಲ್ಲರೆ ತಾಪತ್ರಯ ಇರೋದಿಲ್ಲ, ಕ್ಯೂ ಇರೋದಿಲ್ಲ, ಮುಂಗಡ ದುಡ್ಡು ಹಾಕಿದರೆ ಸಾಕು ಅಂದರು. ಹೌದು, ಹೋಗುವವರೆಗೆ ತಾಪತ್ರಯವಿಲ್ಲ. ಕಾರ್ಡು ಬಿಟ್ಟ ದಿನ ಅದರೊಳಗೆ ಉಳಿದ ದುಡ್ಡನ್ನು ಯಾರ ಹತ್ತಿರ ಕೇಳಬೇಕು? ಆಗ ಶುರುವಾಗುತ್ತದೆ ತಾಪತ್ರಯ.

ಮೆಟ್ರೋದ ವಿಚಾರವನ್ನೇ ತೆಗೆದುಕೊಳ್ಳಿ. ರೈಲು ಈ ಜಿಲ್ಲೆಯ ಊರುಗಳೊಳಕ್ಕೆ ಇನ್ನೂ ಬಂದಿಲ್ಲವಾದರೂ ಬಾಗಿಲಿಗೆ ಬಂದಿದೆ. 2023ರ ಮಾರ್ಚಿಯಲ್ಲಿ ವೈಟ್‌ಫೀಲ್ಡ್ ಕಾಡುಗೋಡಿಯವರೆಗೆ ಬಂತು, ಹೊಸಕೋಟೆಯವರು ಅಲ್ಲಿ ಬಸ್ಸಿಳಿದು ಹತ್ತುತ್ತಾರೆ. 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂತು, ನೆಲಮಂಗಲದವರಿಗೆ ಪೀಣ್ಯದ ಟ್ರಾಫಿಕ್ಕಿನ ಕಾಟ ಅಷ್ಟರಮಟ್ಟಿಗೆ ತಪ್ಪಿತು. ಇಷ್ಟು ವರ್ಷದಲ್ಲಿ ಒಬ್ಬನೇ ಪ್ರಯಾಣಿಕನ ಕೈಗೆ ಎಷ್ಟು ಬಗೆಯ ಟಿಕೆಟ್ಟು ಬಂತು ನೋಡಿ. ಮೊದಲು ಟೋಕನ್ನು ಮತ್ತು ಸ್ಮಾರ್ಟ್ ಕಾರ್ಡು. ಕೊರೋನಾ ಬೀಗ ತೆಗೆದು 2020ರ ಸೆಪ್ಟೆಂಬರ್ 7ರಂದು ರೈಲು ಮತ್ತೆ ಹೊರಟಾಗ ಟೋಕನ್ನು ಕೊಡಲಿಲ್ಲ, ಕಾರ್ಡಿದ್ದವರಿಗಷ್ಟೇ ಪ್ರವೇಶ. ಬೇಕಿದ್ದವರೂ ಬೇಡದವರೂ ಕಾರ್ಡು ಕೊಂಡರು. 2022ರ ನವೆಂಬರಿನಿಂದ ಫೋನಿನಲ್ಲೇ, ವಾಟ್ಸ್‌ಆ್ಯಪಿನಲ್ಲೇ ಟಿಕೆಟ್ಟು ಸಿಗತೊಡಗಿತು, ಕಾರ್ಡು ಮನೆಯ ಮೇಜಿನ ಡ್ರಾಯರು ಸೇರಿತು. 2023ರಲ್ಲಿ ದೇಶಕ್ಕೆಲ್ಲ ಒಂದೇ ಎಂಬ ಹೊಸ ಕಾರ್ಡೂ ಬಂತು. ಹಳೆಯದನ್ನು ಬಿಟ್ಟು ಹೊಸದಕ್ಕೆ ಹಾರಿದಾಗೆಲ್ಲ ಹಳೆಯದರ ಹೊಟ್ಟೆಯಲ್ಲಿ ಮೂವತ್ತೋ ಎಂಬತ್ತೋ ಉಳಿಯುತ್ತದೆ.

ಉಳಿಯಲೇಬೇಕು, ಯಾಕೆಂದರೆ ನಿಯಮವೇ ಹಾಗಿದೆ. 2025ರ ಫೆಬ್ರುವರಿ 9ರಿಂದ ಮೆಟ್ರೋ ದರ ಏರಿ, ಅತಿ ದೂರದ ಪ್ರಯಾಣಕ್ಕೆ 90 ರೂಪಾಯಿ ಆಯಿತು. ಜತೆಗೇ ಸ್ಮಾರ್ಟ್ ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇಟ್ಟಿರಬೇಕು ಎಂದರು. ಒಳಗೆ ಹೋದವನು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾನೋ ಗೇಟಿಗೆ ಗೊತ್ತಿಲ್ಲ, ಕಡೆಯ ಸ್ಟೇಷನ್ನಿನವರೆಗೆ ಹೋದರೂ ದುಡ್ಡು ಸಾಲಬೇಕು ಎಂಬುದು ಅದರ ತರ್ಕ. ತರ್ಕ ಸರಿಯೇ. ಆದರೆ ಮಾದಾವರದಲ್ಲಿ ಹತ್ತಿ ಪೀಣ್ಯದಲ್ಲಿ ಇಳಿಯುವ ಕಾರ್ಖಾನೆ ಹುಡುಗನಿಗೆ ಅಷ್ಟು ದರವೇ ಇಲ್ಲ. ಆ ತೊಂಬತ್ತು ಅವನ ಪಾಲಿಗೆ ದಾಟಲಾಗದ ಹೊಸ್ತಿಲು. ಕೆಲಸ ಬದಲಾಗಿ ದಾಬಸ್‌ಪೇಟೆಗೆ ಸೇರಿಕೊಂಡನೋ, ಮೆಟ್ರೋದ ಹಂಗು ತಪ್ಪಿತು, ಕಾರ್ಡು ನಿಂತಿತು. ಒಂದು ಲಕ್ಷ ಜನ ಹೀಗೆ ತಲಾ 90 ಬಿಟ್ಟುಹೋದರು ಅಂತಿಟ್ಟುಕೊಳ್ಳಿ, 90 ಲಕ್ಷ ರೂಪಾಯಿ. ಅಂಗಡಿಯವರಿಗೆ ಈ ಗುಣಾಕಾರ ಯಾರೂ ಹೇಳಿಕೊಡಬೇಕಾಗಿಲ್ಲ.

ಮೆಟ್ರೋದ ಸ್ವಂತ ಸ್ಮಾರ್ಟ್ ಕಾರ್ಡು ಮೆಟ್ರೋದೊಳಗೆ ಮಾತ್ರ ನಡೆಯುವಂಥದ್ದು. ಕೊಟ್ಟವನ ಅಂಗಡಿಯಲ್ಲೇ ಖರ್ಚಾಗುವ ಇಂಥ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಅಪ್ಪಣೆ ಬೇಕಿಲ್ಲ. ಅಂದಮೇಲೆ ಅದರ ಕಾನೂನು ನಿಗಮದವರ ಕೈಯಲ್ಲೇ ಇದೆ, ಮನಸ್ಸು ಮಾಡಿದರೆ ನಾಳೆಯೇ ಬದಲಾಯಿಸಬಹುದು.

ದೇಶಕ್ಕೆಲ್ಲ ಒಂದೇ ಎಂಬ ಕಾರ್ಡಿನ ಕಥೆ ಇನ್ನೊಂದು ಬಗೆ. ಬ್ಯಾಂಕಿನ ಮೂಲಕ ಬರುವ ಈ ಕಾರ್ಡಿಗೆ ಎರಡು ಜೇಬು. ಒಂದು ಜೇಬು ಬ್ಯಾಂಕಿನ ಲೆಕ್ಕದಲ್ಲಿದೆ, ಇನ್ನೊಂದು ಕಾರ್ಡಿನ ಚಿಪ್ಪಿನೊಳಗೇ ಇದೆ. ಗೇಟಿಗೆ ತಾಗಿಸಿದಾಗ ದುಡ್ಡು ಕಡಿತವಾಗುವುದು ಚಿಪ್ಪಿನ ಜೇಬಿನಿಂದ, ಅದರಲ್ಲಿ 2,000 ರೂಪಾಯಿಯವರೆಗೆ ಇಡಬಹುದು. ಫೋನಿನಿಂದ ದುಡ್ಡು ಹಾಕಿದ ಮಾತ್ರಕ್ಕೆ ಗೇಟು ತೆರೆಯುವುದಿಲ್ಲ, ಮೊದಲನೇ ಜೇಬಿಂದ ಎರಡನೆಯದಕ್ಕೆ ಅದನ್ನು ದಾಟಿಸಬೇಕು. ಇದು ಗೊತ್ತಿಲ್ಲದೆ ‘ದುಡ್ಡು ಹಾಕಿದೀನಿ, ಬಾಗಿಲು ತೆಗೀತಿಲ್ಲ’ ಎಂದು ಗೇಟಿನ ಮುಂದೆ ಬೆವರುವವರು ಬೇಕಾದಷ್ಟು. ಕಾರ್ಡು ಕಳೆದರೆ ಚಿಪ್ಪಿನ ಜೇಬಿನ ದುಡ್ಡು ರಸ್ತೆಯಲ್ಲಿ ಬಿದ್ದ ನೋಟಿದ್ದಂತೆ, ಸಿಕ್ಕವರಿಗೆ ಸೀರುಂಡೆ.

ಕಳೆಯದೆ ಭದ್ರವಾಗಿ ಇಟ್ಟುಕೊಂಡರೂ ಸುಖವಿಲ್ಲ. 2024ರ ಫೆಬ್ರುವರಿ 23ರಂದು ರಿಸರ್ವ್ ಬ್ಯಾಂಕು ಸಾರ್ವಜನಿಕ ಸಾರಿಗೆಯ ಮುಂಗಡ ಕಾರ್ಡುಗಳಿಗೆ ನಿಯಮ ಮಾಡಿತು. ಹೆಸರು, ವಿಳಾಸ, ಆಧಾರ್ ಏನೂ ಕೇಳದೆ ಕೊಡಬಹುದು, 3,000 ರೂಪಾಯಿ ಮೀರಬಾರದು, ಅವಧಿ ಮುಗಿಯುವ ದಿನವೇ ಇಲ್ಲದಂತೆಯೂ ಕೊಡಬಹುದು. ಇಷ್ಟು ಒಳ್ಳೆಯ ಮಾತಾಡಿದ ಮೇಲೆ ಕೊನೆಗೊಂದು ಕೊಕ್ಕೆ: ಅದರಿಂದ ನಗದು ತೆಗೆಯುವಂತಿಲ್ಲ, ಬೇರೆ ಕಡೆ ವರ್ಗಾಯಿಸುವಂತಿಲ್ಲ, ಮರುಪಾವತಿಯೂ ಇಲ್ಲ. ಹಾಕುವುದಕ್ಕೆ ಬಾಗಿಲಿದೆ, ತೆಗೆಯುವುದಕ್ಕಿಲ್ಲ.

ಹೀಗೇಕೆ ಮಾಡಿದರು ಎಂಬುದಕ್ಕೂ ಕಾರಣ ಉಂಟು. ಹೆಸರಿಲ್ಲದ ಕಾರ್ಡಿಗೆ ಕಳ್ಳದುಡ್ಡು ತುಂಬಿ, ಇನ್ನೊಂದು ಊರಿನಲ್ಲಿ ಬಿಳಿ ದುಡ್ಡಾಗಿ ತೆಗೆದುಬಿಟ್ಟರೆ ಎಂಬ ಹೆದರಿಕೆ. ಲಕ್ಷಾಂತರದ ವಹಿವಾಟಿಗೆ ಆ ಹೆದರಿಕೆ ನ್ಯಾಯವೇ. ಆದರೆ ಮೂರು ಸಾವಿರದ ಮಿತಿಯೊಳಗಿನ ಕಾರ್ಡಿನಲ್ಲಿ ಉಳಿದ ನೂರಿನ್ನೂರು ರೂಪಾಯಿಯಿಂದ ಯಾವ ಕಾಳಸಂತೆಯ ದೊರೆ ಉದ್ಧಾರವಾಗುತ್ತಾನೆ? ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗಾಯಿತು. ಕಾರ್ಡು ವಾಪಸು ಕೊಡುವ ದಿನ ಗುರುತಿನ ಚೀಟಿ ತೋರಿಸಿದರೆ, ಅಥವಾ ಅವನದೇ ಬ್ಯಾಂಕ್ ಖಾತೆಗೆ ಹಾಕಿದರೆ ಹೆದರಿಕೆಯೂ ತೀರುತ್ತದೆ, ದುಡ್ಡೂ ಯಜಮಾನನಿಗೆ ಸೇರುತ್ತದೆ.

ದೊಡ್ಡಬಳ್ಳಾಪುರದ ಜವಳಿ ಅಂಗಡಿಯವರ ಹತ್ತಿರ ಈ ಲೆಕ್ಕ ಇಡಿ ನೋಡೋಣ. ಮದುವೆ ಮನೆಯವರು ಮುಂಗಡ ಇಟ್ಟುಹೋದ ಹಣ ಮಾಲು ಕೊಡುವವರೆಗೆ ಗಿರಾಕಿಯ ಬಾಬ್ತು. ಖಾತೆಯಲ್ಲಿ ಅದು ಕೊಡಬೇಕಾದ ಬಾಕಿ ಎಂದೇ ನಿಲ್ಲುತ್ತದೆ, ಲಾಭದ ಕಾಲಮ್ಮಿಗೆ ಬರುವುದಿಲ್ಲ. ಎರಡು ಸಾವಿರ ಇಟ್ಟವರು ಸಾವಿರದ ಎಂಟುನೂರಕ್ಕೆ ಸೀರೆ ಒಯ್ದರೆ ಉಳಿದ ಇನ್ನೂರನ್ನು ಕೈಗೆ ಕೊಡಬೇಕು. ‘ವಾಪಸು ಕೊಡೋ ರೂಲ್ಸಿಲ್ಲಮ್ಮ, ಇನ್ನೊಂದು ಸೀರೆ ತಗೊಳ್ಳಿ’ ಅಂದ ಅಂಗಡಿ ಮುಂದಿನ ಶ್ರಾವಣದ ಹೊತ್ತಿಗೆ ಗಿರಾಕಿ ಇಲ್ಲದೆ ನೊಣ ಹೊಡೆಯುತ್ತಿರುತ್ತದೆ. ಚಿಲ್ಲರೆ ಬದಲು ಪೆಪ್ಪರ್‌ಮೆಂಟು ಕೊಡುವ ಅಂಗಡಿಯವರು ಇದನ್ನೋದಿ ಮೀಸೆಯೊಳಗೇ ನಗಬಹುದು. ಅದೂ ತಪ್ಪೇ, ಆದರೆ ಪೆಪ್ಪರ್‌ಮೆಂಟು ಬಾಯಿಗಾದರೂ ಸಿಹಿ.

ಕಾರು, ಗೂಡ್ಸ್ ಗಾಡಿ ಇಟ್ಟುಕೊಂಡವರ ಪಾಡು ಬೇರೆಯಲ್ಲ. ಅವರ ಕಾರ್ಡು ಗಾಜಿನ ಮೇಲೆ ಅಂಟಿಕೊಂಡಿದೆ, ಹೆಸರು ಫಾಸ್ಟ್‌ಟ್ಯಾಗ್. 2021ರ ಫೆಬ್ರುವರಿಯಿಂದ ಅದು ಕಡ್ಡಾಯ. ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ಯಾವ ಹೆದ್ದಾರಿ ಹಿಡಿದರೂ ಟೋಲಿನ ಕಂಬ ಎದುರಾಗುವ ಜಿಲ್ಲೆ ಇದು. ತರಕಾರಿ, ಹೂವು, ದ್ರಾಕ್ಷಿ ಹೇರಿಕೊಂಡು ಹೊರಡುವ ಟೆಂಪೋಗೆ ಟ್ಯಾಗಿನಲ್ಲಿ ಯಾವಾಗಲೂ ದುಡ್ಡು ತುಂಬಿರಲೇಬೇಕು. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹಾಕಿತಲ್ಲ, ಆಗ ಈ ಮಂದಿಗೆ ಪಾಠವಾಯಿತು. ಆ ವರ್ಷ ಮಾರ್ಚಿ 15ರ ನಂತರ ಆ ಬ್ಯಾಂಕಿನ ಟ್ಯಾಗಿಗೆ ಹೊಸದಾಗಿ ದುಡ್ಡು ಹಾಕುವಂತಿರಲಿಲ್ಲ. ಇದ್ದದ್ದನ್ನು ಟೋಲಿನಲ್ಲಿ ತೀರಿಸಬಹುದಿತ್ತು, ಆದರೆ ಹೊಸ ಬ್ಯಾಂಕಿನ ಟ್ಯಾಗಿಗೆ ವರ್ಗಾಯಿಸುವ ದಾರಿ ಇರಲಿಲ್ಲ. ಹಳೆಯದನ್ನು ಮುಚ್ಚಿಸಿ, ಅರ್ಜಿ ಹಾಕಿ, ಮರುಪಾವತಿ ಪಡೆಯಬೇಕಿತ್ತು. ಒಂದು ಗಾಡಿಗೆ ಒಂದೇ ಟ್ಯಾಗ್ ಎಂಬ ಕಟ್ಟಳೆಯೂ ಅದೇ ಸುಮಾರಿಗೆ ಬಂತು.

ಒಂದು ಸಮಾಧಾನವೆಂದರೆ ಫಾಸ್ಟ್‌ಟ್ಯಾಗಿನ ಹಣ ವಾಪಸು ಬರುತ್ತದೆ. ಕೇಳಬೇಕಾದದ್ದು ಟೋಲ್ ಬೂತಿನ ಹುಡುಗನನ್ನಲ್ಲ, ಟ್ಯಾಗ್ ಕೊಟ್ಟ ಬ್ಯಾಂಕನ್ನು. ಉಳಿದ ಹಣದ ಜತೆ ಆರಂಭದಲ್ಲಿ ಹಿಡಿದಿಟ್ಟ ಭದ್ರತಾ ಠೇವಣಿಯನ್ನೂ ಕೇಳಿ ಪಡೆಯಬೇಕು, ಬಹಳ ಮಂದಿ ಅದನ್ನು ಮರೆತೇಬಿಡುತ್ತಾರೆ. ಗಾಡಿ ಮಾರಿದವರು ಟ್ಯಾಗ್ ಮುಚ್ಚಿಸದೆ ಬಿಟ್ಟರೆ ಕೊಂಡವನ ಟೋಲು ಮಾರಿದವನ ಲೆಕ್ಕದಲ್ಲಿ ಕರಗುತ್ತಾ ಹೋಗುತ್ತದೆ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033. ಬ್ಯಾಂಕಿನವರಾಗಲಿ, ಕಾರ್ಡು ಕಂಪನಿಯವರಾಗಲಿ ಲಿಖಿತ ದೂರಿಗೆ 30 ದಿನದೊಳಗೆ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಖರ್ಚಿಲ್ಲ, ವಕೀಲರೂ ಬೇಡ, ಮಾಹಿತಿಗೆ 14448ಕ್ಕೆ ಫೋನು ಮಾಡಿದರಾಯಿತು. ಅವಧಿ ಇರುವ ಮುಂಗಡ ಕಾರ್ಡಾದರೆ ಅವಧಿ ಮುಗಿಯುವ ಮುಂಚಿನ 45 ದಿನಗಳಲ್ಲಿ ಕಾರ್ಡುದಾರನನ್ನು ಎಚ್ಚರಿಸಬೇಕೆಂದು ನಿಯಮವಿದೆ. ಬ್ಯಾಂಕಲ್ಲದ ಕಂಪನಿ ಕೊಟ್ಟ ಕಾರ್ಡಾದರೆ ಅವಧಿ ಮುಗಿದು ಮೂರು ವರ್ಷದವರೆಗೆ ಆ ದುಡ್ಡನ್ನು ತನ್ನ ಲಾಭಕ್ಕೆ ಬರೆದುಕೊಳ್ಳುವ ಹಾಗಿಲ್ಲ.

ಅಂದರೆ ಗಾಜಿಗೆ ಅಂಟಿಸಿದ ಕಾರ್ಡಿನ ಉಳಿಕೆ ವಾಪಸು ಬರುತ್ತದೆ, ಕೈಯಲ್ಲಿ ಹಿಡಿದ ಸಾರಿಗೆ ಕಾರ್ಡಿನ ಉಳಿಕೆ ಬರುವುದಿಲ್ಲ. ಕಾರಿದ್ದವನಿಗೆ ಒಂದು ನ್ಯಾಯ, ಬಸ್ಸು ರೈಲು ಹತ್ತುವವನಿಗೆ ಇನ್ನೊಂದು. ಇಂಥ ನಿಯಮ ಬರೆದ ಅಧಿಕಾರಿಗಳಲ್ಲಿ ಕಾಡುಗೋಡಿಯಲ್ಲಿ ಬಸ್ಸಿಳಿದು ಮೆಟ್ರೋ ಹತ್ತುವವರು ಎಷ್ಟು ಮಂದಿಯೋ!

ಪರದೇಶದ ಮಾತು ಎಂದು ಮೂಗು ಮುರಿಯಬೇಡಿ. ಲಂಡನ್ನಿನಲ್ಲಿ 2003ರಿಂದ ಆಯ್ಸ್ಟರ್ ಎಂಬ ಕಾರ್ಡು ನಡೆಯುತ್ತಿದೆ. ಅದರಲ್ಲಿ ಹಾಕಿದ ದುಡ್ಡಿಗೆ ಅವಧಿ ಎಂಬುದಿಲ್ಲ. ಹತ್ತು ಪೌಂಡಿನವರೆಗಿನ ಉಳಿಕೆಯನ್ನು ಸ್ಟೇಷನ್ನಿನ ಟಿಕೆಟ್ ಮಿಷನ್ನೇ ವಾಪಸು ಕೊಡುತ್ತದೆ, ಸಾಹೇಬರ ಸಹಿ ಬೇಕಿಲ್ಲ. ಅಲ್ಲೂ ಕಾರ್ಡನ್ನು ಮೂಲೆಗೆ ಎಸೆದು ಮರೆತವರು ಇದ್ದಾರೆ, ಆದರೆ ಕೇಳಿಕೊಂಡು ಬಂದವನಿಗೆ ಇಲ್ಲ ಎನ್ನುವುದಿಲ್ಲ.

ಮಾದಾವರ, ಕಾಡುಗೋಡಿ ಸ್ಟೇಷನ್ನುಗಳ ಕಿಟಕಿಯಲ್ಲಿ ಆಗಬೇಕಾದದ್ದೂ ಇಷ್ಟೇ. ಕಾರ್ಡು ತಂದವನಿಗೆ ಉಳಿಕೆ ದುಡ್ಡು ಕೊಡಬೇಕು. ಕೊಡುವುದಕ್ಕೆ ಇನ್ನೂ ಕಾಲ ಬೇಕೆಂದರೆ, ಕಾರ್ಡು ಒಪ್ಪಿಸುವವನು ಕೊನೆಯ ತೊಂಬತ್ತಕ್ಕೆ ಟೋಕನ್ನಾದರೂ ಕೊಳ್ಳುವಂತಿರಬೇಕು. ಕಾರ್ಡು ಮಾರುವ ಜಾಗದಲ್ಲೇ, ಬಿಟ್ಟುಹೋಗುವವನ ದುಡ್ಡು ಏನಾಗುತ್ತದೆ ಎಂದು ಕನ್ನಡದಲ್ಲಿ ದಪ್ಪಕ್ಷರದ ಬೋರ್ಡು ಇರಬೇಕು. ಹೊಸ ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕು ‘ಮರುಪಾವತಿ ಇಲ್ಲ’ ಎಂಬ ಪದವನ್ನು ಅಳಿಸಬೇಕು, ಅದಕ್ಕೆ ಈ ಭಾಗದ ಸಂಸದರು ಬಾಯಿ ಬಿಡಬೇಕು.

ಎಷ್ಟು ಸ್ಮಾರ್ಟ್ ಕಾರ್ಡು ವರ್ಷದಿಂದ ಉಪಯೋಗವಿಲ್ಲದೆ ಬಿದ್ದಿವೆ, ಅವುಗಳಲ್ಲಿ ಒಟ್ಟು ಎಷ್ಟು ಹಣವಿದೆ, ಆ ಹಣವನ್ನು ಲೆಕ್ಕದಲ್ಲಿ ಬಾಕಿ ಎಂದು ಬರೆದಿದ್ದಾರೋ ಆದಾಯ ಎಂದು ಬರೆದಿದ್ದಾರೋ? ಈ ಮೂರು ಪ್ರಶ್ನೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮೆಟ್ರೋ ನಿಗಮಕ್ಕೆ ಕೇಳುವುದಕ್ಕೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ವಾಯಿದೆ 30 ದಿನ. ನಾಲ್ಕು ತಾಲ್ಲೂಕಿನ ವರ್ತಕರ ಸಂಘಗಳಲ್ಲಿ ಯಾವುದಾದರೂ ಒಂದು ಮುಂದಿನ ಸೋಮವಾರವೇ ಅರ್ಜಿ ಹಾಕಬಹುದು.