ಕಟೌಟಿಗೆ ಹಾಲು, ಯಾರ ಬಾಯಿಗೆ ಜಾಮೂನು?

ಹೊಸ ಚಿತ್ರ ಬಂತೆಂದರೆ ನಮ್ಮ ಹುಡುಗರ ಕೈಕಾಲು ನಿಲ್ಲೋದಿಲ್ಲ. ಬೆಳಗಿನ ಜಾವಕ್ಕೇ ಏಣಿ ಹಾಕಿ, ಕಟೌಟ್ ಏರಿ, ನೆಚ್ಚಿನ ನಾಯಕನ ನೆತ್ತಿ ಮೇಲೆ ಬಿಂದಿಗೆಗಟ್ಟಲೆ ಹಾಲು! ಹಾರ, ತಮಟೆ, ಕುಣಿತ ಎಲ್ಲಾ ಇರಲಿ, ನಾನೂ ಶಿಳ್ಳೆ ಹೊಡೆದವನೇ. ಆದರೆ ಆ ಹಾಲು ಹೋಗೋದೆಲ್ಲಿಗೆ? ನಾಯಕನ ಹಣೆಯಿಂದಿಳಿದು, ಮೀಸೆ ದಾಟಿ, ಬೂಟು ತೊಳೆದು ಸೀದಾ ಮೋರಿಗೆ. ಪಕ್ಕದಲ್ಲೇ, ಬೆಳಿಗ್ಗೆಯಿಂದ ಟೀ ಕೂಡ ಕುಡಿಯದೆ ಸಾಲಿನಲ್ಲಿ ನಿಂತ ಹುಡುಗ ನೋಡ್ತಾ ಇರ್ತಾನೆ.

ಇದನ್ನು ಹೇಳಿದರೆ ಕೆಲವರಿಗೆ ಕೋಪ. "ಅಭಿಮಾನಕ್ಕೂ ಲೆಕ್ಕ ಹಾಕ್ತೀರಾ ಸಾರ್?" ಅಂತಾರೆ. ಹಾಕೇಬಿಡೋಣ ಸ್ವಾಮಿ! ಒಂದು ಲೀಟರ್ ಗಟ್ಟಿ ಎಮ್ಮೆ ಹಾಲು ಬತ್ತಿಸಿದರೆ ಸುಮಾರು 200 ಗ್ರಾಂ ಖೋವಾ. ಅದರಿಂದ 20 ಜಾಮೂನು. 10 ಲೀಟರಿಗೆ 200 ಜಾಮೂನು. ಅಂದರೆ ಮೊದಲ ಆಟಕ್ಕೆ ಬಂದ 200 ಜನಕ್ಕೆ ಒಂದೊಂದು! ಡಾ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನೇ ದೇವರು ಅಂತ ಕರೆದರಲ್ಲ, ಹಾಗಾದ್ರೆ ನೈವೇದ್ಯ ಸಲ್ಲಬೇಕಾದ್ದು ಪ್ಲೈವುಡ್ಡಿಗೋ, ಸಾಲಿನಲ್ಲಿ ನಿಂತ ದೇವರಿಗೋ?

"ಅಡುಗೆ ಗಂಡಸರ ಕೆಲಸವಲ್ಲ" ಅನ್ನೋ ಮಹರಾಯರು ಯಾವುದಾದರೂ ಮದುವೆ ಛತ್ರದ ಹಿಂಬದಿಗೆ ಹೋಗಿ, ಬಾಣಲೆ ಮುಂದೆ ನಿಂತ ಭಟ್ಟರ ಮೀಸೆ ನೋಡಿ ಬರಲಿ. ಮೊದಲು ಮನೆಯಲ್ಲಿ ಒಂದು ಲೀಟರಿನಲ್ಲಿ ಕೈ ಪಳಗಿಸಿ. ಅಗಲ ಬಾಯಿಯ ದಪ್ಪ ಬಾಣಲೆಯಲ್ಲಿ ಹಾಲು ಕುದಿಸಿ, ತಳ ಬಿಡದಂತೆ ಕೆದಕುತ್ತಿರಿ. ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ. ಮೊಬೈಲ್ ಕೈಗೆ ತಗೊಂಡ್ರೋ, ತಳ ಹಿಡೀತು ಅಂತಲೇ ಲೆಕ್ಕ. ಮುದ್ದೆಯಾದ ಖೋವಾ ಆರಿದ ಮೇಲೆ ಅಂಗೈಯಲ್ಲಿ ಒತ್ತಿ ಒತ್ತಿ ತರಿ ಮುರಿಯಿರಿ. ಮೂರು ದೊಡ್ಡ ಚಮಚ ಮೈದಾ, ಒಂದು ಚಿಟಿಕೆ ಸೋಡಾ ಸೇರಿಸಿ ಮೃದುವಾಗಿ ಕಲಸಿ. ಗಟ್ಟಿ ಅನಿಸಿದರೆ ನಾಲ್ಕು ಹನಿ ಹಾಲು. ನೇರಳೆ ಹಣ್ಣಿನ ಗಾತ್ರದ ಉಂಡೆ ಸಾಕು (ಜಾಮೂನ್ ಅಂದರೆ ಹಿಂದಿಯಲ್ಲಿ ನೇರಳೆ ಹಣ್ಣೇ!). ಉಂಡೆ ಮೇಲೆ ಬಿರುಕು ಇರಕೂಡದು. ಕಟ್ಟಿದ್ದನ್ನು ಒದ್ದೆ ಬಟ್ಟೆಯಿಂದ ಮುಚ್ಚಿಡಿ.

ಪಾಕಕ್ಕೆ ಅರ್ಧ ಕೆ.ಜಿ. ಸಕ್ಕರೆ, ಅರ್ಧ ಲೀಟರ್ ನೀರು, ಏಲಕ್ಕಿ. ಬೆರಳಿಗೆ ಅಂಟಬೇಕು, ಎಳೆ ಬರಬಾರದು. ಒಂದೆಳೆ ಪಾಕ ಜಿಲೇಬಿಗೆ ಸರಿ. ಜಾಮೂನಿಗಾದರೆ ಅಷ್ಟು ಗಟ್ಟಿ ಪಾಕ ಒಳಗೆ ಇಳಿಯೋದಿಲ್ಲ, ಬಾಗಿಲಲ್ಲೇ ನಿಂತುಬಿಡುತ್ತೆ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸಕ್ಕರೆ ಹರಳುಗಟ್ಟೋದಿಲ್ಲ.

ಇನ್ನು ಕರಿಯೋದು. ಇಲ್ಲೇ ನೋಡಿ ನಮ್ಮ ಹುಡುಗರ ಆತುರಕ್ಕೆ ಪರೀಕ್ಷೆ! ಉರಿ ಜೋರಾದರೆ ನಿಮಿಷದಲ್ಲಿ ಕಂದುಬಣ್ಣ ಬಂದು ಬೀಗುತ್ತೆ. ಕೊಯ್ದು ನೋಡಿ, ಹೊರಗೆ ಹೀರೋ, ಒಳಗೆ ಹಸಿ ಹಿಟ್ಟು. ಸಣ್ಣ ಉಂಡೆಯೊಂದನ್ನು ಎಣ್ಣೆಗೆ ಬಿಡಿ. ತಳಕ್ಕೆ ಹೋಗಿ ನಿಧಾನವಾಗಿ ಮೇಲೇಳಬೇಕು. ಅದೇ ಹದ. ಒಡೆದು ಚೂರಾದರೆ ಹಿಟ್ಟಿಗೆ ಇನ್ನೊಂದು ಚಮಚ ಮೈದಾ. ಉಂಡೆಗಳನ್ನು ಚುಚ್ಚಬೇಡಿ, ಸುತ್ತಲಿನ ಎಣ್ಣೆಯನ್ನಷ್ಟೇ ತಿರುಗಿಸಿ, ಅವು ತಾವಾಗಿ ಉರುಳುತ್ತವೆ. ಎಂಟು ಹತ್ತು ನಿಮಿಷ ಹಿಡಿದರೆ ಹಿಡೀಲಿ. ತೆಗೆದು ಬಿಸಿಬಿಸಿಯಾಗಿಯೇ ಪಾಕಕ್ಕೆ ಬಿಡಿ. ಪಾಕ ಬೆಚ್ಚಗಿರಲಿ, ಕುದೀತಾ ಇದ್ದರೆ ಜಾಮೂನು ಕರಗೀತು. ಎರಡು ಗಂಟೆ ಯಾರೂ ಮುಟ್ಟಕೂಡದು. ನಿಮ್ಮ ರೂಮಿನಲ್ಲಿ ಇದು ಸಾಧ್ಯವೇ ಅಂತ ನನಗೂ ಅನುಮಾನ.

ಹತ್ತು ಲೀಟರ್ ಮಾಡೋ ದಿನ ಹಿಂದಿನ ರಾತ್ರಿಯೇ ಕೂತುಕೊಳ್ಳಿ, ನಾಲ್ಕು ಜನರಾದರೂ ಬೇಕು. ಬೆಳಿಗ್ಗೆ ಡಬರಿ ಎತ್ತಿಕೊಂಡು ಗೇಟಿನ ಹತ್ತಿರ ನಿಲ್ಲಿ. ನಾಯಕನ ಫೋಟೋ ಮುಂದೆ ಒಂದು ಇಡಿ, ಬೇಡ ಅನ್ನೋದಿಲ್ಲ. ಬೇರೆ ನಾಯಕನ ಅಭಿಮಾನಿ ಸಾಲಿನಲ್ಲಿ ಬಂದನೋ, ಅವನಿಗೂ ಒಂದು ಕೊಡಿ. ಎರಡನೇದಕ್ಕೆ ಕೈ ಚಾಚಿದರೆ ಮುಖ ನೆನಪಿಟ್ಟುಕೊಳ್ಳಿ. ಅವನ ಬಾಸ್ ಪಿಕ್ಚರ್ ಬಿಡುಗಡೆ ದಿನ ನೀವೇ ಅಲ್ಲಿಗೆ ಹೋಗಿ ವಸೂಲಿ ಮಾಡಬಹುದು!