ಅಲ್ಲಾಡಬೇಡಿ ಅನ್ನೋದು ಯಾಕೆ?

ಜಯನಗರದಿಂದ ಡೈರಿ ಸರ್ಕಲ್ ಕಡೆ ಹೋಗೋರಿಗೆ ನಿಮ್ಹಾನ್ಸ್ ಗೊತ್ತೇ ಇರುತ್ತೆ. ಇಂಥ ಕಡೆ ಮಾಡೋ ಫಂಕ್ಷನಲ್ ಎಂಆರ್‌ಐ ಹುಡುಕೋದು ಮೆದುಳಿನ ರಕ್ತದ ಆಮ್ಲಜನಕದಲ್ಲಿ ಆಗೋ ಪುಟ್ಟ ಬದಲಾವಣೆ. ಸಿಗ್ನಲ್ ಏರೋದು ಸಾಮಾನ್ಯವಾಗಿ ಶೇ. 1ರಿಂದ 3ರಷ್ಟು, ಅಷ್ಟೇ! ಉಸಿರು, ಎದೆಬಡಿತ, ಮೆಷಿನ್ನಿನದೇ ಏರಿಳಿತದ ಮಧ್ಯೆ ಅದನ್ನ ಹಿಡಿಯೋದು, ಹಬ್ಬದ ಹಿಂದಿನ ದಿನ ಗಾಂಧಿ ಬಜಾರಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

ಉಸಿರು, ಎದೆಬಡಿತಕ್ಕೆ ಲಯ ಇದೆ, ಸೆನ್ಸರ್ ಕಟ್ಟಿ ಅಳೆದು ಕಳೀಬಹುದು. ಕಷ್ಟ ತಲೆಯದ್ದು. ಮೆದುಳಿನ ಆಪರೇಷನ್‌ಗೆ ಮುಂಚೆ ಮಾತಿನ ಜಾಗ ಹುಡುಕೋವಾಗ, 'ಪ್ರಾಣಿಗಳ ಹೆಸರು ಮನಸ್ಸಲ್ಲೇ ಹೇಳ್ಕೊಳ್ಳಿ' ಅಂತಾರೆ. ಪ್ರತಿ ಸಲವೂ ಗದ್ದ ಒಂಚೂರು ಅಲ್ಲಾಡಿದ್ರೆ, ಚಲನೆಗೂ ಮಾತಿಗೂ ಒಂದೇ ತಾಳ. ಕಳೆಯದೇ ಬಿಟ್ರೆ ಮೆದುಳಿನ ಅಂಚಲ್ಲಿ ಸುಳ್ಳು ಬಣ್ಣ. ಪೂರ್ತಿ ಕಳೆದ್ರೆ, ನಿಜವಾದ ಮಾತಿನ ಜಾಗವೂ ಅಳಿಸಿಹೋಗಬಹುದು. ಅಲ್ಲೇನೂ ಇಲ್ಲ ಅಂತ ಸರ್ಜನ್ ಕತ್ತರಿಸಿದ್ರೆ?

ಅದಕ್ಕೇ ಚಿತ್ರವೊಂದನ್ನೇ ನಂಬಲ್ಲ. ಬೇಕಾದಾಗ ರೋಗಿಯನ್ನ ಎಚ್ಚರವಾಗಿಟ್ಟು, ಆಪರೇಷನ್ ಟೇಬಲ್ ಮೇಲೇ ಮಾತಾಡಿಸಿ ನೋಡ್ತಾರೆ. ನನ್ನ ಕೇಳಿದ್ರೆ, ಆಮೇಲಿನ ಸಾಫ್ಟ್‌ವೇರ್ ಸರ್ಕಸ್‌ಗಿಂತ ಮೊದಲೇ ತಲೆಪಕ್ಕ ಫೋಮ್ ತುಂಬಿ, ಹತ್ತು ನಿಮಿಷ ಅಭ್ಯಾಸ ಮಾಡಿಸೋದು ವಾಸಿ. ನಿಮ್ಮ ಮನೇಲಿ ಯಾರಿಗಾದ್ರೂ ಈ ಸ್ಕ್ಯಾನ್ ಇದ್ರೆ, ಕೆಮ್ಮು, ನಡುಕ ಇರೋದನ್ನ ಟೆಕ್ನೀಷಿಯನ್‌ಗೆ ಮೊದಲೇ ಹೇಳಿಬಿಡಿ.