ಅಮಲು ಎಂಬ ಮಾತು

"ಕುಡಿದಿದ್ದ, ಏನು ಮಾಡಿದೆನೆಂದು ಅವನಿಗೇ ಗೊತ್ತಿರಲಿಲ್ಲ." ನಮ್ಮ ಸಂಘಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿಲ್ಲ! ಅತ್ತೆ ಹೇಳುತ್ತಾಳೆ, ಊರ ಹಿರಿಯರು ಹೇಳುತ್ತಾರೆ. ಕಣ್ಣು ಊದಿಸಿಕೊಂಡು ಕೂತ ಹೆಂಡತಿಯೂ ಹೇಳುತ್ತಾಳೆ. ಕೋರ್ಟಿಗೆ ಹೋದರೆ ಇದೇ ಮಾತು 'ಇಂಟಾಕ್ಸಿಕೇಶನ್' ಎಂಬ ಇಂಗ್ಲಿಷ್ ಪದವಾಗಿ ಕಾಗದದ ಮೇಲೆ ಕೂರುತ್ತದೆ. ಅದರ ಅರ್ಥವನ್ನು ದೂರು ಕೊಟ್ಟವಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಗ್ರೀಕ್ ಭಾಷೆಯಲ್ಲಿ 'ಟಾಕ್ಸನ್' ಎಂದರೆ ಬಿಲ್ಲು. ಬಾಣದ ತುದಿಗೆ ಸವರುವ ವಿಷಕ್ಕೆ ಅದರಿಂದಲೇ ಹೆಸರು ಬಂತು. ಅದು ಲ್ಯಾಟಿನ್ನಿನ ಮೂಲಕ ಇಂಗ್ಲಿಷಿಗೆ ಬಂದಾಗ, ವಿಷ ಹಾಕುವುದು ಎಂದೇ ಅರ್ಥ. ಕುಡಿತದ ಅರ್ಥ ಆಮೇಲಿನದು. ನಮ್ಮ 'ಅಮಲು' ಇನ್ನೂ ಸ್ವಾರಸ್ಯದ್ದು. ಕಾನೂನು ಅಮಲಿಗೆ ಬಂತು ಎನ್ನುತ್ತೇವೆ, ಅಮಲ್ದಾರ ಎನ್ನುತ್ತೇವೆ. ಆಳ್ವಿಕೆಗೂ ಕುಡಿತದ ಮತ್ತಿಗೂ ಒಂದೇ ಮಾತು! ಮನೆಯೊಳಗೆ ಎರಡೂ ಒಟ್ಟಿಗೆ ನಡೆಯುವುದನ್ನು ಕಂಡವರು ನಾವು.

ಇನ್ನು ಕಾನೂನು. ಕುಡಿದವನಿಗೆ ಅದು ಮಾಫಿ ಕೊಡುತ್ತದೆಯೇ? ಒಂದೇ ಸಂದರ್ಭದಲ್ಲಿ ಕೊಡುತ್ತದೆ: ಅವನಿಗೆ ತಿಳಿಯದಂತೆ ಅಥವಾ ಬಲವಂತದಿಂದ ಬೇರೆಯವರು ಕುಡಿಸಿರಬೇಕು, ತಾನೇನು ಮಾಡುತ್ತಿದ್ದೇನೆಂದು ಅರಿಯದ ಸ್ಥಿತಿಯಲ್ಲೂ ಅವನಿರಬೇಕು. ತಾನಾಗಿ ಕುಡಿದವನಿಗೆ, ಕುಡಿಯದವನಿಗೆ ಇರುವಷ್ಟೇ ಅರಿವಿತ್ತು ಎಂದು ಕಾನೂನು ಭಾವಿಸುತ್ತದೆ. ಇದು ಹಳೆಯ ದಂಡಸಂಹಿತೆಯ 85, 86ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 23, 24. ಹೊಸ ಸಂಹಿತೆಯ 85, 86ರಲ್ಲಿ ಈಗ ಇರುವುದು ಗಂಡ ಮತ್ತು ಅವನ ಕಡೆಯವರ ಕ್ರೌರ್ಯ, ಅಂದರೆ ನಮ್ಮ ಹಳೆಯ 498ಎ. ಮೂರು ವರ್ಷದವರೆಗೆ ಸಜೆ.

ಆದರೂ ಕೆಲವು ಅಪರಾಧಗಳಲ್ಲಿ, ಅವನಿಗೆ ಉದ್ದೇಶ ಹುಟ್ಟುವಷ್ಟೂ ಎಚ್ಚರವಿರಲಿಲ್ಲ ಎಂದು ವಕೀಲರು ವಾದಿಸಬಹುದು. 1956ರಲ್ಲಿ ಬಸ್‌ದೇವ್ ಎಂಬ ನಿವೃತ್ತ ಜಮಾದಾರನ ಪರವಾಗಿ ಇಂಥದೇ ವಾದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮದುವೆಯ ಊಟದಲ್ಲಿ ಜಾಗ ಬಿಡಲಿಲ್ಲವೆಂದು ಒಬ್ಬ ಹುಡುಗನನ್ನು ಅವನು ಗುಂಡಿಟ್ಟು ಕೊಂದಿದ್ದ. ಅವನು ಕುಡಿದಿದ್ದು ನಿಜ. ಆದರೆ ತಾನೇ ನಡೆದಾಡುತ್ತಿದ್ದ, ಸರಿಯಾಗಿ ಮಾತಾಡುತ್ತಿದ್ದ. ಕೊಲೆಯ ಶಿಕ್ಷೆ ಉಳಿಯಿತು.

ಅಕ್ಕತಂಗಿಯರೇ, ದೂರು ಬರೆಸುವಾಗ ಇದನ್ನು ನೆನಪಿಡಿ. 'ಕುಡಿದು ಹೊಡೆದ' ಎಂದಷ್ಟೇ ಹೇಳಿ ನಿಲ್ಲಬೇಡಿ. ಹೊಡೆಯುವ ಮುಂಚೆ ಚಿಲಕ ಹಾಕಿದನೇ? ಸೀರೆ ಮುಚ್ಚುವ ಜಾಗ ನೋಡಿ ಹೊಡೆದನೇ? ತವರಿನಿಂದ ಇನ್ನೂ ಬರಬೇಕಾದ ಹಣವನ್ನು ಲೆಕ್ಕ ತಪ್ಪದೆ ಕೇಳಿದನೇ? ಪಕ್ಕದ ಮನೆಯವರು ಬಂದೊಡನೆ ಕೈ ಇಳಿಸಿದನೇ? ಅದೇ ಅಮಲಿನಲ್ಲಿ ಸಾಹುಕಾರನಿಗೆ ಕೈಮುಗಿದು ಬಂದಿದ್ದನೇ? ನಡೆದದ್ದನ್ನೆಲ್ಲ ನಡೆದ ಹಾಗೇ ಬರೆಸಿ. ಬರೆದದ್ದನ್ನು ಪೊಲೀಸರು ನಿಮಗೆ ಓದಿ ಹೇಳಬೇಕು, ಆಮೇಲೆ ರುಜು. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ಇಸಕೊಳ್ಳಿ.